ಸೈನಿಕಹುಳುವಿನ ಪತಂಗ: ಗುರುತು ಮತ್ತು ವರ್ಗೀಕರಣ

ಕೊಪ್ಪಳ ಜಿಲ್ಲೆಯ ಮಂಗಳೂರು, ಯಲಬುರ್ಗಾ, ಕುಷ್ಟಗಿಗಳ ಕಡೆಯ ರೈತರು ಬೆಳೆಯುವ ಗೋವಿನಜೋಳದ ಸುಳಿಯೊಳಗೆ ಅಡಗಿ, ಎಲೆಯನ್ನು ತೂತುಗೈದು, ಒದ್ದೆ ಹಿಕ್ಕೆಯನ್ನುಳಿಸುವ ಫಾಲ್ ಸೈನಿಕಹುಳುವು, ಅಮೆರಿಕ ಖಂಡದ ಉಷ್ಣವಲಯದ ಮೂಲನಿವಾಸಿಯಾಗಿದ್ದು, 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಹೊಲಗಳಲ್ಲಿ ಭಾರತದ ಮಟ್ಟಿಗೆ ಪ್ರಥಮತಃ ಗುರುತಿಸಲ್ಪಟ್ಟ ಪತಂಗದ ಮರಿಹುಳುವೆಂಬುದನ್ನು ಅಭ್ಯರ್ಥಿಗಳು ನೆನಪಿಡತಕ್ಕುದು.

ಸಂಧಿಪದಿಗಳ ವಂಶ, ಕೀಟವರ್ಗ, ಲೆಪಿಡಾಪ್ಟೆರ ಗಣ, ನಾಕ್ಟುಯಿಡೆ ಕುಟುಂಬ, ಸ್ಪೊಡಾಪ್ಟೆರ ಜಾತಿ, ಫ್ರುಜಿಪರ್ಡ ಪ್ರಭೇದ: ಇದು ಕ್ರಮ. 1797ರಲ್ಲಿ ಇದನ್ನು ವರ್ಣಿಸಿದ ಜೆ. ಇ. ಸ್ಮಿತ್ ಅನ್ಯ ಜಾತಿಯಲ್ಲಿ ಸೇರಿಸಿದ್ದುದರಿಂದಲೇ ಆತನ ಹೆಸರನ್ನು ಆವರಣದೊಳಗೆ ಬರೆಯುವ ವಾಡಿಕೆಯುಂಟು; ಪ್ರಶ್ನಕಾರರಿಗೆ ಇಂಥ ಸೂಕ್ಷ್ಮಗಳು ಬಲು ಪ್ರಿಯ.

ಬೆಳೆದ ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರದಂಥ ಬಿಳಿಗೆರೆಯೂ, ಉದರದ ಎಂಟನೆಯ ಖಂಡದಲ್ಲಿ ಚೌಕಾಕಾರವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳೂ ಒಟ್ಟಿಗೆ ಕಂಡರೆ ಸಂದೇಹಕ್ಕೆ ಎಡೆ ಕಡಿಮೆ. ಪತಂಗವನ್ನು ಗುರುತಿಸುವುದಾದರೋ ಕಠಿನತರ: ಗಂಡಿನ ಮುಂರೆಕ್ಕೆಯ ತುದಿಯಲ್ಲಿ ಬಿಳಿಯ ಮಚ್ಚೆಯಿರುವುದಾದರೂ, ಹೆಣ್ಣು ಮಾಸಲು ಬೂದುಗಂದು ಬಣ್ಣದ್ದಾಗಿ ಅನ್ಯ ಪ್ರಭೇದಗಳೊಡನೆ ಬೆರೆತುಹೋಗುವುದರಿಂದ, ಜನನಾಂಗಗಳ ರಚನೆಯನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿಯೇ ತಜ್ಞರು ನಿರ್ಣಯಿಸುವರು. ತಂಬಾಕಿನ ಮರಿಹುಳುವೆಂದು ಖ್ಯಾತವಾದ ಸ್ಪೊಡಾಪ್ಟೆರ ಲಿಟ್ಯುರವು ಇದೇ ಜಾತಿಯ ಬೇರೊಂದು ಪ್ರಭೇದ.