ಕೆರೆಯ ಮಣ್ಣು, ಕೈಯ ಮೂರ್ತಿ

ಭಾದ್ರಪದದ ಚೌತಿಗೆ ಮುಂಚೆ ಜೇಡಿಮಣ್ಣನ್ನು ತಂದು, ಮನೆಯಲ್ಲಿಯೇ ಗಣಪತಿಯ ಮೂರ್ತಿಯನ್ನು ಮಾಡಿ, ಪೂಜೆಯಾದ ಮೇಲೆ ನೀರಿಗೆ ಬಿಡುವ ವಾಡಿಕೆ ನಮ್ಮ ನಾಡಿನಲ್ಲಿ ಉಂಟು. ಈ ವಾಡಿಕೆಯಲ್ಲಿ ಭಕ್ತಿಯೊಡನೆ ಒಂದು ಪ್ರಕೃತಿಪಾಠವೂ ಅಡಗಿದೆ. ಮಣ್ಣಿನಿಂದಾದ ವಸ್ತು ಮರಳಿ ಮಣ್ಣಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಪೇಟೆಗೆ ಬಂದ ಮೇಲೆ ಈ ಪಾಠ ಅನೇಕರಿಗೆ ತಪ್ಪಿಹೋಯಿತು. ಪ್ಲಾಸ್ಟರ್ ಕೂಡ ಭೂಮಿಯಿಂದಲೇ ಬಂದುದಲ್ಲವೆ? ಹಾಗಿದ್ದರೆ ಅದಕ್ಕೂ ಜೇಡಿಗೂ ಭೇದವೇನು? ಇದನ್ನು ವಿಚಾರಿಸೋಣ.

ಜೇಡಿಯ ಗುಣ

ಬಂಡೆಗಳಲ್ಲಿರುವ ಫೆಲ್ಡ್‌ಸ್ಪಾರ್ ಮೊದಲಾದ ಖನಿಜಗಳು ಗಾಳಿ ಮಳೆಗಳಿಗೆ ಸಿಕ್ಕಿ ಬಹುಕಾಲದ ಮೇಲೆ ಶಿಥಿಲವಾದಾಗ ಜೇಡಿ ಹುಟ್ಟುತ್ತದೆ. ಇದರ ಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತಲೂ ಚಿಕ್ಕವು. ಆಕಾರದಲ್ಲಿ ತೆಳುವಾದ ಬಿಲ್ಲೆಗಳಂತಿರುವುವು. ನೀರು ಈ ಬಿಲ್ಲೆಗಳ ನಡುವೆ ಸೇರಿದಾಗ ಅವು ಒಂದರ ಮೇಲೊಂದು ಜಾರುತ್ತವೆ. ಕೈಬಿಟ್ಟರೆ ಜಾರಿದಲ್ಲಿಯೇ ನಿಲ್ಲುತ್ತವೆ. ಒದ್ದೆ ಜೇಡಿ ನಾವು ಕೊಟ್ಟ ರೂಪವನ್ನು ತಳೆಯುವುದಕ್ಕೆ ಇದೇ ಕಾರಣ. ಒಣಗಿದಾಗ ನೀರು ಹೊರಹೋಗಿ ಕಣಗಳು ಹತ್ತಿರ ಸರಿಯುತ್ತವೆ. ಮೂರ್ತಿ ಸ್ವಲ್ಪ ಕುಗ್ಗುತ್ತದೆ. ಆದರೆ ಕಣಗಳ ಸ್ವರೂಪ ಬದಲಾಗುವುದಿಲ್ಲ. ಆದುದರಿಂದ ನೀರು ಮತ್ತೆ ಒಳಹೊಕ್ಕರೆ ಮೂರ್ತಿ ಕುಸಿದು ಜೇಡಿಯಾಗುತ್ತದೆ. ಕುಂಬಾರನ ಮಡಕೆ ಹೀಗೆ ಕರಗದು. ಆವಿಗೆಯ ಬೆಂಕಿಯಲ್ಲಿ ಬೆಂದಾಗ ಅದರ ಕಣಗಳ ರಚನೆಯೇ ಮಾರ್ಪಟ್ಟಿರುತ್ತದೆ.

ಪ್ಲಾಸ್ಟರಿನ ಬಗೆ

ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಯಿಸಿದರೆ, ಅದರ ಸ್ಫಟಿಕಗಳಲ್ಲಿ ಸೇರಿರುವ ನೀರಿನ ಮುಕ್ಕಾಲು ಪಾಲು ಹೊರಟುಹೋಗುತ್ತದೆ. ಉಳಿದ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರು ಬೆರೆಸಿದೊಡನೆ ಅದು ಕಳೆದುಕೊಂಡ ನೀರನ್ನು ಮರಳಿ ಹೀರಿ ಮತ್ತೆ ಜಿಪ್ಸಂ ಆಗುತ್ತದೆ. ಸೂಜಿಯಂಥ ಸ್ಫಟಿಕಗಳು ಹೆಣೆದುಕೊಂಡು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತವೆ. ಈ ಹೆಣಿಗೆ ನೀರಿನಲ್ಲಿ ಸುಲಭವಾಗಿ ಬಿಚ್ಚುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 2.5 ಗ್ರಾಂ ಜಿಪ್ಸಂ ಕರಗೀತು. ಈ ಲೆಕ್ಕದಂತೆ 5 ಕಿಲೋಗ್ರಾಂ ತೂಕದ ಮೂರ್ತಿ ಪೂರ್ತಿಯಾಗಿ ಕರಗಲು ಸುಮಾರು 2,000 ಲೀಟರ್ ನೀರು ಬೇಕು. ಕರಗಿದ ಭಾಗ ನೀರನ್ನು ಗಡಸು ಮಾಡುತ್ತದೆ. ಮೇಲಿನ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ ಮೊದಲಾದ ಲೋಹಗಳಿದ್ದರೆ ಅವು ಕೊಳೆತು ನಾಶವಾಗುವುದಿಲ್ಲ. ಕೆರೆಯ ತಳದ ಕೆಸರಿನಲ್ಲಿ ಸೇರಿ, ಜಲಜೀವಿಗಳ ದೇಹವನ್ನು ಹೊಗಬಲ್ಲವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2010ರಲ್ಲಿ ಮೂರ್ತಿವಿಸರ್ಜನೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. 2020ರಲ್ಲಿ ಪರಿಷ್ಕರಿಸಿದಾಗ ಪ್ಲಾಸ್ಟರ್ ಮೂರ್ತಿಗಳನ್ನು ನಿಷೇಧಿಸಿತು.

ಒಂದು ಪ್ರಯೋಗ

ನಿಂಬೆಹಣ್ಣಿನ ಗಾತ್ರದ ಮೂರು ಉಂಡೆಗಳನ್ನು ಮಾಡಿರಿ: ಚೆನ್ನಾಗಿ ಒಣಗಿದ ಜೇಡಿಯದು ಒಂದು, ಒದ್ದೆ ಜೇಡಿಯದು ಒಂದು, ಪ್ಲಾಸ್ಟರಿನದು ಒಂದು. ಮೂರನ್ನೂ ನೀರು ತುಂಬಿದ ಬೇರೆ ಬೇರೆ ಪಾತ್ರೆಗಳಲ್ಲಿಟ್ಟು ನೋಡಿರಿ. ಒಣಗಿದ ಉಂಡೆಯೇ ಮೊದಲು ಕುಸಿಯುವುದನ್ನು ಕಂಡು ಆಶ್ಚರ್ಯವಾದೀತು. ಅದರ ರಂಧ್ರಗಳಿಗೆ ನೀರು ರಭಸದಿಂದ ನುಗ್ಗಿ, ಒಳಗಿನ ಗಾಳಿಯನ್ನು ಗುಳ್ಳೆಗಳಾಗಿ ಹೊರದೂಡಿ ಉಂಡೆಯನ್ನು ಒಡೆಯುತ್ತದೆ. ಒದ್ದೆ ಉಂಡೆಯಲ್ಲಿ ಇಂಥ ನುಗ್ಗು ಇಲ್ಲ. ಅದು ನಿಧಾನವಾಗಿ ಸಡಿಲವಾಗುತ್ತದೆ. ಪ್ಲಾಸ್ಟರಿನ ಉಂಡೆ ಮಾತ್ರ ದಿನಗಳು ಕಳೆದರೂ ಉಂಡೆಯಾಗಿಯೇ ಇರುತ್ತದೆ.

ಮೂರ್ತಿ ಮಾಡುವ ಕ್ರಮ

ಜೇಡಿಯಲ್ಲಿನ ಕಲ್ಲು ಬೇರುಗಳನ್ನು ಆರಿಸಿ, ನೆನೆಸಿ, ಚೆನ್ನಾಗಿ ನಾದಿ, ಒಂದು ರಾತ್ರಿ ಒದ್ದೆಬಟ್ಟೆಯಲ್ಲಿ ಸುತ್ತಿಡಬೇಕು. ಮೂರ್ತಿ ಗೇಣುದ್ದವಿದ್ದರೆ ಸಾಕು. ಸೊಂಡಿಲು ಕಿವಿಗಳನ್ನು ಮೈ ಒದ್ದೆಯಿರುವಾಗಲೇ ಕೂಡಿಸಬೇಕು. ಕೂಡುವೆಡೆಯಲ್ಲಿ ಕಡ್ಡಿಯಿಂದ ಗೀರಿ, ತೆಳುವಾದ ಕೆಸರನ್ನು ಬಳಿದರೆ ಅಂಟು ಬಲವಾಗುತ್ತದೆ. ಒಂದು ಭಾಗ ಬೇಗ ಒಣಗಿ ಇನ್ನೊಂದು ಹಸಿಯಾಗಿದ್ದರೆ ಕುಗ್ಗುವಿಕೆ ಅಸಮವಾಗಿ ಬಿರುಕು ಬಿಡುತ್ತದೆ. ಆದುದರಿಂದ ಬಿಸಿಲಿಗಿಡದೆ ನೆರಳಿನಲ್ಲಿಯೇ ಒಣಗಿಸಬೇಕು. ಬಣ್ಣ ಬೇಕಾದರೆ ಅರಿಸಿನ ಕಾವಿಗಳು ಸಾಕು.

ಜೇಡಿಯಾದರೂ ಅಳತೆ ಮೀರಿದರೆ ಹಿತವಲ್ಲ. ಸಾವಿರಾರು ಮೂರ್ತಿಗಳು ಒಂದೇ ಕೆರೆಗೆ ಬಿದ್ದರೆ ನೀರು ಕದಡಿ ಒಳಕ್ಕೆ ಬೆಳಕು ಇಳಿಯದು. ಕ್ರಮೇಣ ಹೂಳೂ ತುಂಬುವುದು. ಬೇಸಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಹೊಲಕ್ಕೆ ಸಾಗಿಸುತ್ತಿದ್ದ ಹಿಂದಿನ ರೈತರು ಕೆರೆಯ ಆಳವನ್ನೂ ಹೊಲದ ಸಾರವನ್ನೂ ಒಟ್ಟಿಗೆ ಕಾಯುತ್ತಿದ್ದರು. ನಾವೂ ಮೂರ್ತಿಯನ್ನು ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸಿ, ಆ ಕೆಸರುನೀರನ್ನು ಗಿಡದ ಬುಡಕ್ಕೆ ಹೊಯ್ಯಬಹುದು. ತಾನೇ ತಿದ್ದಿದ ಸೊಂಡಿಲು ಮರಳಿ ಮಣ್ಣಾದುದನ್ನು ನೋಡಿದ ಮಗುವಿಗೆ, ಕೆರೆಗೆ ಯಾವುದನ್ನು ಹಾಕಬಾರದೆಂದು ಮತ್ತೆ ಹೇಳಿಕೊಡುವ ಶ್ರಮ ನಮಗೆ ಅಷ್ಟಾಗಿ ಇರಲಾರದು.