ಮಕ್ಕಳು ಹಾರಲಾರದ ದಿನಗಳು



ನಿನ್ನೆಯವರೆಗೆ ಸೊಗಸಾಗಿ ಹಾಡುತ್ತಿದ್ದ ಮಗಳು ಇಂದು ಬಾಯಿ ತೆರೆಯುವುದಿಲ್ಲ. ತರಗತಿಗೆ ಮೊದಲಿಗನಾಗಿದ್ದ ಮಗ ಪುಸ್ತಕ ಮುಟ್ಟುವುದಿಲ್ಲ. ಆಗ ನಾವು ಮಾಡುವುದೇನು? ಗದರಿಸುತ್ತೇವೆ, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುತ್ತೇವೆ, ಇಲ್ಲವೇ ಇನ್ನೊಂದು ಟ್ಯೂಷನ್‌ಗೆ ಸೇರಿಸುತ್ತೇವೆ. ಇಂತಹ ದಿನಗಳ ಕುರಿತು ಮೃದುವಾಗಿ ಪಾಠ ಹೇಳುವ ಒಂದು ಕಾರ್ಟೂನ್ ಚಿತ್ರವಿದೆ. ಅದರ ಹೆಸರು ‘ಕಿಕೀಸ್ ಡೆಲಿವರಿ ಸರ್ವಿಸ್’. ಜಪಾನಿನ ಸ್ಟುಡಿಯೋ ಜಿಬ್ಲಿ ಸಂಸ್ಥೆಗಾಗಿ ಹಯಾವೊ ಮಿಯಾಝಾಕಿ ನಿರ್ದೇಶಿಸಿದ ಈ ಚಿತ್ರ 1989ರಲ್ಲಿ ತೆರೆಕಂಡಿತು. ಎಯ್ಕೊ ಕದೋನೊ ಎಂಬ ಲೇಖಕಿ 1985ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ಇದಕ್ಕೆ ಆಧಾರ.

ಹೆಸರಿಗೆ ಅಂಜಬೇಕೆ?

ಕಥಾನಾಯಕಿ ಕಿಕಿ ಹದಿಮೂರು ವರ್ಷದ ಪುಟ್ಟ ಮಾಟಗಾತಿ. ಈ ಪದ ಕೇಳಿದೊಡನೆ ಕ್ರೈಸ್ತ ಹೆತ್ತವರು ಹಿಂಜರಿಯುವುದು ಸಹಜ. ಆದರೆ ಇಲ್ಲಿ ಯಾರಿಗೂ ಮಾಟ ಮಾಡಿಸುವುದಿಲ್ಲ, ಕೇಡು ಬಯಸುವುದಿಲ್ಲ. ತಾಯಿ ಊರವರಿಗೆ ಔಷಧಿ ತಯಾರಿಸಿ ಕೊಡುವವಳು. ಮಗಳಿಗೆ ಗೊತ್ತಿರುವುದು ಪೊರಕೆಯ ಮೇಲೆ ಕುಳಿತು ಹಾರುವುದೊಂದೇ. ಇದು ಜಾನಪದ ಕಥೆಯ ಕಲ್ಪನೆ ಎಂದು ಮಕ್ಕಳಿಗೆ ಮೊದಲೇ ತಿಳಿಸಿದರೆ ಸಾಕು.

ಮನೆ ಬಿಟ್ಟು ಹೊರಟ ಮಗಳು

ಹದಿಮೂರು ತುಂಬಿದವಳು ಒಂದು ವರ್ಷ ಪರಊರಿನಲ್ಲಿ ಸ್ವಂತ ದುಡಿಮೆಯಿಂದ ಬದುಕಬೇಕೆಂಬುದು ಅವರ ಪದ್ಧತಿ. ಹುಣ್ಣಿಮೆಯ ರಾತ್ರಿ ಕಿಕಿ ಹೊರಡುತ್ತಾಳೆ. ಜೊತೆಗೆ ಅವಳೊಡನೆ ಮಾತನಾಡುವ ಕರಿಬೆಕ್ಕು ಜಿಜಿ. ತಂದೆ ಅವಳನ್ನು ಚಿಕ್ಕಂದಿನಂತೆ ಎತ್ತಿಕೊಂಡು, ಸರಿಹೋಗದಿದ್ದರೆ ಹಿಂತಿರುಗಿ ಬರಬಹುದು ಎನ್ನುತ್ತಾನೆ. ತಾಯಿ ತಾನು ಬಳಸಿ ಪಳಗಿಸಿದ ಪೊರಕೆಯನ್ನೇ ಕೊಡುತ್ತಾಳೆ. ಗಮನಿಸಿರಿ: ಅವರು ಮಗಳನ್ನು ತಡೆಯುವುದಿಲ್ಲ, ಹಿಂತಿರುಗುವ ಬಾಗಿಲನ್ನೂ ಮುಚ್ಚುವುದಿಲ್ಲ.

ಕಡಲತೀರದ ಹೊಸ ಊರಿನಲ್ಲಿ ದೊಡ್ಡವರು ಜೊತೆಗಿಲ್ಲದ ಹುಡುಗಿಗೆ ಹೋಟೆಲಿನಲ್ಲಿ ಕೋಣೆ ಸಿಗುವುದಿಲ್ಲ. ಬೇಕರಿಯ ಗಿರಾಕಿಯೊಬ್ಬಳು ಮರೆತುಹೋದ ಮಗುವಿನ ನಿಪ್ಪಲ್ಲನ್ನು ಕಿಕಿ ಹಾರಿಹೋಗಿ ಮುಟ್ಟಿಸುತ್ತಾಳೆ. ಆ ಸಣ್ಣ ಉಪಕಾರ ಕಂಡ ಬೇಕರಿಯ ಒಡತಿ ಒಸೊನೊ, ತುಂಬು ಗರ್ಭಿಣಿ, ಅವಳಿಗೆ ಅಟ್ಟದ ಕೋಣೆ ಕೊಡುತ್ತಾಳೆ. ಸಾಮಾನು ತಲುಪಿಸುವ ಕೆಲಸ ಹೀಗೆ ಆರಂಭವಾಗುತ್ತದೆ.

ಶಕ್ತಿ ಕುಂದಿದಾಗ

ಒಮ್ಮೆ ವೃದ್ಧೆಯೊಬ್ಬಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ಮೀನಿನ ಕಡುಬು ಕಳುಹಿಸಬೇಕು. ವಿದ್ಯುತ್ ಒಲೆ ಕೈಕೊಡುತ್ತದೆ. ಕಿಕಿ ಸೌದೆ ಒಲೆ ಹೊತ್ತಿಸಿ, ಬೇಯಿಸಲು ನೆರವಾಗಿ, ಮಳೆಯಲ್ಲಿ ನೆನೆಯುತ್ತ ಒಯ್ಯುತ್ತಾಳೆ. ಮೊಮ್ಮಗಳಾದರೋ ತನಗೆ ಈ ಕಡುಬು ಇಷ್ಟವಿಲ್ಲವೆಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಕಿಕಿ ಜ್ವರದಿಂದ ಮಲಗುತ್ತಾಳೆ. ಮುಂದೆ ಕೆಲವೇ ದಿನಗಳಲ್ಲಿ ಬೆಕ್ಕಿನ ಮಾತು ತಿಳಿಯದಾಗುತ್ತದೆ, ಪೊರಕೆ ಮೇಲೇಳುವುದಿಲ್ಲ. ಹಟ ಹಿಡಿದು ಪ್ರಯತ್ನಿಸಿದಾಗ ತಾಯಿ ಕೊಟ್ಟ ಪೊರಕೆಯೇ ಮುರಿಯುತ್ತದೆ.

ಇಲ್ಲಿಂದ ಮುಂದಿನದು ನಮಗೆ ಪಾಠ. ಹಾರಲಾರದವಳೆಂದು ಒಸೊನೊ ಅವಳನ್ನು ಹೊರಗೆ ಹಾಕುವುದಿಲ್ಲ. ಕಾಡಿನಲ್ಲಿ ವಾಸಿಸುವ ಚಿತ್ರಕಾರ್ತಿ ಉರ್ಸುಲಾ ತನ್ನ ಗುಡಿಸಲಿಗೆ ಕರೆದೊಯ್ಯುತ್ತಾಳೆ. ಚಿತ್ರ ಬರೆಯಲಾಗದ ದಿನಗಳು ತನಗೂ ಬಂದಿದ್ದವು. ಆಗ ಬರೆಯುವುದನ್ನು ನಿಲ್ಲಿಸಿ ಅಡ್ಡಾಡಬೇಕು, ನಿದ್ದೆ ಮಾಡಬೇಕು ಎನ್ನುತ್ತಾಳೆ. ಹಾರುವವಳ ಶಕ್ತಿ, ಚಿತ್ರಕಾರಳ ಶಕ್ತಿ, ರೊಟ್ಟಿ ಸುಡುವವನ ಶಕ್ತಿ, ಎಲ್ಲವೂ ದೇವರೋ ಯಾರೋ ಕೊಟ್ಟದ್ದೆಂಬ ಮಾತೂ ಅವಳ ಬಾಯಲ್ಲಿ ಬರುತ್ತದೆ. ವರದಾನ ನಮ್ಮ ಗಳಿಕೆಯಲ್ಲ. ಬೆದರಿಸಿ ಅದನ್ನು ಎಬ್ಬಿಸಲಾಗದು.

ಊರಿಗೆ ಮರಳಿದಾಗ ಅದೇ ವೃದ್ಧೆ ಕರೆಸುತ್ತಾಳೆ. ಈ ಸಲ ತಲುಪಿಸಬೇಕಾದ ಕೇಕಿನ ಮೇಲೆ ಕಿಕಿಯದೇ ಚಿತ್ರ! ಉಡುಗೊರೆ ಅವಳಿಗೇ. ಏನೂ ಮಾಡಲಾಗದ ದಿನದಲ್ಲೇ ಅವಳಿಗೆ ಪ್ರೀತಿ ದೊರೆಯಿತು. ಕೆಲಸಕ್ಕೆ ಸಿಕ್ಕ ಕೂಲಿ ಅದಲ್ಲ.

ಅಷ್ಟರಲ್ಲಿ ಆಪತ್ತು. ಗೆಳೆಯ ಟೊಂಬೊ ಗಾಳಿಗೆ ಸಿಕ್ಕ ವಾಯುನೌಕೆಯ ಹಗ್ಗದಲ್ಲಿ ತೂಗಾಡುತ್ತಿದ್ದಾನೆ. ಕಿಕಿ ಬೀದಿಯಲ್ಲಿ ಯಾರೋ ಮುದುಕನ ನೆಲ ಉಜ್ಜುವ ಬ್ರಷ್ ಬೇಡಿ ಪಡೆದು, ತಡವರಿಸುತ್ತಲೇ ಹಾರಿ ಅವನನ್ನು ಹಿಡಿಯುತ್ತಾಳೆ. ತನಗಾಗಿ ಹೆಣಗಿದಾಗ ಬಾರದ ಶಕ್ತಿ ಇನ್ನೊಬ್ಬನ ಪ್ರಾಣಕ್ಕಾಗಿ ಬಂತು. ಆದರೆ ಮೂಲ ಜಪಾನಿ ಚಿತ್ರದಲ್ಲಿ ಬೆಕ್ಕಿನ ಮಾತು ಮರಳುವುದಿಲ್ಲ. ಬಾಲ್ಯದ ಎಲ್ಲವೂ ತಿರುಗಿ ಬರುವುದಿಲ್ಲವೆಂಬುದನ್ನು ಹೆತ್ತವರೂ ಒಪ್ಪಬೇಕು. ಕೊನೆಯಲ್ಲಿ ಮನೆಗೆ ಬರೆದ ಪತ್ರದಲ್ಲಿ ಬೇಸರವಾಗುವುದುಂಟೆಂದು ಕಿಕಿ ಮುಚ್ಚಿಡದೆ ತಿಳಿಸುತ್ತಾಳೆ. ಹಾಗೆ ಬರೆಯುವ ಧೈರ್ಯ ಅವಳಿಗೆ ಆ ತೆರೆದ ಬಾಗಿಲಿನಿಂದ ಬಂದದ್ದು.

ಮನೆಯಲ್ಲಿ ಚರ್ಚಿಸಿರಿ

1. ಕಿಕಿಗೆ ಹೆಚ್ಚು ನೋವಾದದ್ದು ಮಳೆಯಿಂದಲೋ, ಮೊಮ್ಮಗಳ ಮಾತಿನಿಂದಲೋ? ನಮ್ಮ ಮನೆಗೆ ಏನಾದರೂ ತಂದುಕೊಡುವವರನ್ನು ನಾವು ಹೇಗೆ ಮಾತನಾಡಿಸುತ್ತೇವೆ?

2. ನಮ್ಮ ಮಗುವಿಗೆ ಸೋಲನ್ನು ನಮ್ಮಲ್ಲಿ ಹೇಳಿಕೊಳ್ಳುವ ಧೈರ್ಯವಿದೆಯೇ?

3. ಅಂಕಗಳು ಕುಸಿದ ತಿಂಗಳಲ್ಲಿ ಮಗುವಿಗೆ ನಾವು ಒಂದು ‘ಕೇಕು’ ಕೊಟ್ಟಿದ್ದೇವೆಯೇ?

ಮೂರನೆಯ ಪ್ರಶ್ನೆಗೆ ಮೊದಲು ನಾವೇ ಉತ್ತರಿಸೋಣ, ಮಕ್ಕಳು ಕೇಳುವಂತೆ.