ನಿಂತುಹೋದ ಕಥೆಗಳೂ ಅಭಿಮಾನಿಗಳ ಆಸೆಯೂ

ಕಥೆ ಕೇಳುವವರಿಗೆ ಅದು ಅರ್ಧದಲ್ಲಿಯೇ ನಿಂತುಹೋಗುವುದಕ್ಕಿಂತ ದೊಡ್ಡ ನಿರಾಶೆ ಬೇರೊಂದಿಲ್ಲ. ಕಥೆ ಹೇಳುತ್ತ ಹೇಳುತ್ತ ಅಜ್ಜಿಗೆ ಜೊಂಪು ಹತ್ತಿದರೆ, ಮೊಮ್ಮಕ್ಕಳು ಆಕೆಯ ತೋಳನ್ನು ಅಲುಗಿಸಿ, “ಆಮೇಲೆ?” ಎಂದು ಕೇಳುವುದು ಎಲ್ಲ ಮನೆಗಳಲ್ಲಿಯೂ ಉಂಟು. ಈ “ಆಮೇಲೆ?” ಎಂಬ ಪ್ರಶ್ನೆಯೇ ಕಥೆಯ ಜೀವಾಳ. ಆದರೆ ಕಥೆ ಹೇಳುತ್ತಿರುವುದು ಅಜ್ಜಿಯಲ್ಲ, ಕೋಟ್ಯಂತರ ಹಣವನ್ನು ಹೂಡಿದ ಒಂದು ಸಂಸ್ಥೆ ಎಂದಾದರೆ, ಆ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕು? ಹೇಗೆ ಕೇಳಬೇಕು? ಕೇಳಿದರೆ ಉತ್ತರ ದೊರೆಯುವುದೇ?

ಅಮೆರಿಕದ ದೂರದರ್ಶನದಲ್ಲಿ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳು ನಡುವೆ ನಿಂತುಹೋಗುವುದೂ, ಅಂತರಜಾಲದ ಸ್ಟ್ರೀಮಿಂಗ್ ಸೇವೆಗಳಲ್ಲಿ ಯಾವುದಾದರೊಂದು ಅವನ್ನು ಕೈಹಿಡಿದು ಎತ್ತೀತೆಂದು ಅಭಿಮಾನಿಗಳು ಆಸೆಪಡುವುದೂ ಈಚಿನ ವರ್ಷಗಳಲ್ಲಿ ಪದೇ ಪದೇ ಕಂಡುಬಂದ ಸಂಗತಿ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಧಾರಾವಾಹಿಗಳನ್ನು ನೋಡಿ ಮೆಚ್ಚಿದವರೇ. ಆದುದರಿಂದ ಈ ಆಸೆಯ ಬೆಲೆ ಎಷ್ಟು, ಅದು ಎಲ್ಲಿ ಫಲಿಸಿತು, ಎಲ್ಲಿ ಬಾಡಿತು ಎಂಬುದನ್ನು ಕೆಲವು ನಿಜ ನಿದರ್ಶನಗಳ ಮೂಲಕ ವಿಚಾರ ಮಾಡೋಣ.

ಧಾರಾವಾಹಿ ನಿಲ್ಲುವುದೇಕೆ?

ಮೊದಲನೆಯ ಕಾರಣ ವೆಚ್ಚ. ಸಂಸಾರದ ಕಥೆಯೊಂದಕ್ಕೆ ಒಂದು ನಡುಮನೆ, ಒಂದು ಅಡುಗೆಮನೆ, ನಾಲ್ಕು ಕುರ್ಚಿಗಳು ಇದ್ದರೆ ಕೆಲಸ ಸಾಗುತ್ತದೆ. ಆಕಾಶನೌಕೆಯ ಕಥೆಗೆ ನೌಕೆಯ ಒಳಭಾಗವನ್ನೇ ಕಟ್ಟಬೇಕು. ಕಾಣದ ಗ್ರಹವನ್ನು ಕಾಣಿಸಬೇಕು. ತೂಕವಿಲ್ಲದೆ ತೇಲುವ ಮನುಷ್ಯನನ್ನು ತೂಕವಿರುವ ಭೂಮಿಯ ಮೇಲೆಯೇ ಚಿತ್ರಿಸಬೇಕು. ಇದೆಲ್ಲಕ್ಕೂ ಹಣ ನೀರಿನಂತೆ ಹರಿಯುತ್ತದೆ.

ಎರಡನೆಯ ಕಾರಣ ಪ್ರೇಕ್ಷಕರ ಎಣಿಕೆ. ಜಾಹೀರಾತಿನಿಂದ ಬದುಕುವ ದೂರದರ್ಶನ ವಾಹಿನಿಗೆ, ಗೊತ್ತಾದ ಹೊತ್ತಿನಲ್ಲಿ ಎಷ್ಟು ಮಂದಿ ಅದರ ಮುಂದೆ ಕುಳಿತಿದ್ದರು ಎಂಬುದೇ ಮುಖ್ಯ. ಕಾರ್ಯಕ್ರಮವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಒಬ್ಬನೂ, ಅರೆನಿದ್ದೆಯಲ್ಲಿ ನೋಡುವ ಒಬ್ಬನೂ ಆ ಲೆಕ್ಕದಲ್ಲಿ ಸಮಾನರು. ಪ್ರೀತಿಯನ್ನು ತೂಗುವ ತಕ್ಕಡಿ ಜಾಹೀರಾತುದಾರರಲ್ಲಿ ಇಲ್ಲ. ತಲೆಗಳನ್ನು ಎಣಿಸುವ ಯಂತ್ರ ಮಾತ್ರ ಉಂಟು. ವೈಜ್ಞಾನಿಕ ಕಥೆಯ ಅಭಿಮಾನಿಗಳು ಹಲವು ವೇಳೆ ಸಂಖ್ಯೆಯಲ್ಲಿ ಕಡಿಮೆ, ನಿಷ್ಠೆಯಲ್ಲಿ ಹೆಚ್ಚು. ಇಲ್ಲಿಯೇ ಎಲ್ಲ ತೊಡಕಿನ ಮೂಲವಿದೆ.

ಕಾಗದಗಳ ಕಾಲ

ಈ ಹೋರಾಟ ಅಂತರಜಾಲದೊಡನೆ ಹುಟ್ಟಿದುದಲ್ಲ. 1966ರ ಸೆಪ್ಟೆಂಬರ್ 8ರಂದು ಎನ್.ಬಿ.ಸಿ. ವಾಹಿನಿಯಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಪ್ರಾರಂಭವಾಯಿತು. ಎರಡನೆಯ ವರ್ಷದಲ್ಲಿಯೇ ಅದು ನಿಲ್ಲುವುದೆಂಬ ವಾರ್ತೆ ಹಬ್ಬಿತು. ಆಗ ಜಾನ್ ಟ್ರಿಂಬಲ್ ಮತ್ತು ಬಿಜೋ ಟ್ರಿಂಬಲ್ ಎಂಬ ದಂಪತಿಗಳು ಅಭಿಮಾನಿಗಳನ್ನು ಸಂಘಟಿಸಿ ವಾಹಿನಿಗೆ ಕಾಗದ ಬರೆಯುವ ಚಳವಳಿಯನ್ನು ಹೂಡಿದರು. ಬಂದ ಕಾಗದಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಜ್ಞಾನ ವಿದ್ಯಾಲಯದ ವಿದ್ಯಾರ್ಥಿಗಳು ಪಂಜು ಹಿಡಿದು ಬರ್ಬ್ಯಾಂಕ್ ಊರಿನ ಎನ್.ಬಿ.ಸಿ. ಸ್ಟುಡಿಯೊವರೆಗೆ ಮೆರವಣಿಗೆ ಹೋದರು. ಅದೇ ವರ್ಷದ ಮಾರ್ಚ್ 1ರಂದು, ಒಂದು ಕಂತು ಮುಗಿಯುತ್ತಲೇ, ಧಾರಾವಾಹಿ ಮುಂದುವರಿಯುವುದೆಂದು ವಾಹಿನಿಯೇ ಪ್ರಕಟಿಸಿತು.

ಆದರೆ ಜಯದ ಮುಂದಿನ ಪುಟವನ್ನೂ ನಾವು ಓದಬೇಕು. ಮೂರನೆಯ ವರ್ಷದಲ್ಲಿ ಖರ್ಚಿಗೆ ಕತ್ತರಿ ಬಿತ್ತು. ಪ್ರಸಾರದ ಹೊತ್ತು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಸರಿಯಿತು. ವಾರದ ಕೊನೆಯ ಆ ರಾತ್ರಿ ತರುಣರು ಮನೆಯಲ್ಲಿರುವುದು ಅಪರೂಪ. 1969ರ ಜೂನ್ 3ರಂದು ಕೊನೆಯ ಕಂತು ಪ್ರಸಾರವಾಗಿ ಧಾರಾವಾಹಿ ನಿಂತೇ ಹೋಯಿತು. ಹಾಗಾದರೆ ಆ ಲಕ್ಷ ಕಾಗದಗಳು ವ್ಯರ್ಥವಾದುವೇ? ಇಲ್ಲ. ಅವುಗಳ ಫಲವಾಗಿ ದೊರೆತ ಮೂರನೆಯ ವರ್ಷದ 24 ಕಂತುಗಳು ಸೇರಿ ಒಟ್ಟು 79 ಕಂತುಗಳಾಗಿದ್ದುವು. ಸ್ಥಳೀಯ ಕೇಂದ್ರಗಳು ದಿನವೂ ಮರುಪ್ರಸಾರ ಮಾಡುವುದಕ್ಕೆ ಅಷ್ಟು ಕಂತುಗಳು ಅನುಕೂಲವಾದುವು. 1970ರ ದಶಕದಲ್ಲಿ ಮೊದಲಿಗಿಂತ ದೊಡ್ಡ ಪ್ರೇಕ್ಷಕವರ್ಗ ಹುಟ್ಟಿಕೊಂಡಿತು. ಅಭಿಮಾನಿಗಳ ಕಾಗದಗಳ ಒತ್ತಾಯದಿಂದ 1976ರಲ್ಲಿ ಅಮೆರಿಕದ ಮೊದಲ ಆಕಾಶಷಟಲ್ಲಿಗೆ ಕಥೆಯ ನೌಕೆಯ ಹೆಸರಾದ ‘ಎಂಟರ್‌ಪ್ರೈಸ್’ ಎಂಬುದನ್ನೇ ಇಟ್ಟರು. ಅದು ಹಾರಾಟದ ಪರೀಕ್ಷೆಗಾಗಿ ಕಟ್ಟಿದ ಷಟಲ್. ಅಂತರಿಕ್ಷಕ್ಕೆ ಎಂದೂ ಹೋಗಲಿಲ್ಲ. 1979ರಲ್ಲಿ ಚಲನಚಿತ್ರವೂ, 1987ರಲ್ಲಿ ಹೊಸ ಧಾರಾವಾಹಿಯೂ ಬಂದುವು. ಬಿತ್ತಿದವರು ನಿರೀಕ್ಷಿಸಿದ ಹೊಲದಲ್ಲಿಯೇ ಬೆಳೆ ಬರಲಿಲ್ಲ. ಪಕ್ಕದ ಹೊಲದಲ್ಲಿ ಬಂದಿತು.

2007ರಲ್ಲಿ ನಡೆದ ಇನ್ನೊಂದು ಪ್ರಸಂಗ ವಿನೋದವಾದುದು. ಅಣುಬಾಂಬಿನ ಅನಾಹುತದ ಅನಂತರ ಒಂದು ಸಣ್ಣ ಊರು ಬದುಕಿಕೊಳ್ಳುವ ಕಥೆಯಾದ ‘ಜೆರಿಕೊ’ವನ್ನು ಸಿ.ಬಿ.ಎಸ್. ವಾಹಿನಿ ನಿಲ್ಲಿಸಿತು. ಕೊನೆಯ ಕಂತಿನಲ್ಲಿ, ಶರಣಾಗೆಂದ ಶತ್ರುವಿಗೆ ನಾಯಕನು “ನಟ್ಸ್!” ಎಂಬ ಒಂದೇ ಮಾತಿನ ಉತ್ತರ ಕೊಡುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಬಾಸ್ಟೋನ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಅಮೆರಿಕದ ಸೇನಾನಿ ಮೆಕಾಲಿಫ್ ಜರ್ಮನರಿಗೆ ಕೊಟ್ಟ ಉತ್ತರ ಅದು. ಧಿಕ್ಕಾರವನ್ನು ಸೂಚಿಸುವ ಆ ಮಾತಿಗೆ ಕಡಲೆಕಾಯಿಯಂತಹ ಬೀಜಗಳೆಂಬ ಅರ್ಥವೂ ಉಂಟು. ಅಭಿಮಾನಿಗಳು ವಾಹಿನಿಯ ಕಚೇರಿಗೆ ಕಡಲೆಕಾಯಿಯನ್ನೇ ಕಳುಹಿಸತೊಡಗಿದರು. ಅದರ ತೂಕ ಸುಮಾರು 20 ಟನ್ನುಗಳಿಗೆ ಮುಟ್ಟಿತು. ವಾಹಿನಿ ಮಣಿದು ಏಳು ಕಂತುಗಳನ್ನು ಕೊಟ್ಟಿತು. ಆದರೆ ಹೊಸ ಪ್ರೇಕ್ಷಕರು ಸಾಕಷ್ಟು ಬರಲಿಲ್ಲವಾಗಿ 2008ರಲ್ಲಿ ಕಥೆ ಮತ್ತೆ ನಿಂತಿತು. ಕಡಲೆಕಾಯಿ ಬಾಗಿಲನ್ನು ತೆರೆಯಿಸೀತು. ಒಳಗೆ ಕೂಡಿಸಿಕೊಳ್ಳುವುದಕ್ಕೆ ಪ್ರೇಕ್ಷಕರೇ ಬೇಕು.

ಹೊಸ ಬಾಗಿಲು

ಸ್ಟ್ರೀಮಿಂಗ್ ಸೇವೆಗಳು ಬಂದ ಮೇಲೆ ಲೆಕ್ಕದ ರೀತಿ ಬದಲಾಯಿತು. ಇವು ಮುಖ್ಯವಾಗಿ ಚಂದಾ ಹಣದಿಂದ ಬೆಳೆದವು. ರಾತ್ರಿ ಒಂಬತ್ತಕ್ಕೆ ನೋಡಿದೆಯೋ, ಮರುದಿನ ಮಧ್ಯಾಹ್ನ ನೋಡಿದೆಯೋ ಎಂಬುದಕ್ಕಿಂತ, ಈ ಕಾರ್ಯಕ್ರಮಕ್ಕಾಗಿ ಹೊಸ ಚಂದಾದಾರರು ಬಂದರೇ, ಇದ್ದವರು ಉಳಿದರೇ ಎಂಬುದು ಇವಕ್ಕೆ ಮುಖ್ಯ. ಹಲವು ದೇಶಗಳಲ್ಲಿ ಚದರಿಹೋದ ನಿಷ್ಠಾವಂತರನ್ನು ಒಂದೇ ಸೂರಿನಡಿ ಕೂಡಿಸುವ ಶಕ್ತಿ ಇವಕ್ಕಿದೆ. ಹಳೆಯ ತಕ್ಕಡಿಯಲ್ಲಿ ಹಗುರವೆನಿಸಿದ ಪ್ರೀತಿ ಹೊಸ ತಕ್ಕಡಿಯಲ್ಲಿ ತೂಕ ಬಂದೀತೆಂಬ ಆಸೆ ಹುಟ್ಟಿದುದು ಇದರಿಂದಲೇ.

ಇದಕ್ಕೆ ಒಳ್ಳೆಯ ನಿದರ್ಶನ ‘ದಿ ಎಕ್ಸ್‌ಪ್ಯಾನ್ಸ್’. ಡೇನಿಯಲ್ ಅಬ್ರಹಾಂ ಮತ್ತು ಟೈ ಫ್ರಾಂಕ್ ಎಂಬಿಬ್ಬರು ಜೇಮ್ಸ್ ಎಸ್. ಎ. ಕೋರಿ ಎಂಬ ಒಂದೇ ಹೆಸರಿನಲ್ಲಿ ಬರೆದ ಕಾದಂಬರಿಗಳಿಂದ ಹುಟ್ಟಿದ ಈ ಧಾರಾವಾಹಿ 2015ರ ಡಿಸೆಂಬರಿನಲ್ಲಿ ಸೈಫೈ ವಾಹಿನಿಯಲ್ಲಿ ಮೊದಲಾಯಿತು. ಭೂಮಿ, ಮಂಗಳ, ಕ್ಷುದ್ರಗ್ರಹಗಳ ಪಟ್ಟಿ – ಈ ಮೂರು ಕಡೆಯ ಮನುಷ್ಯರ ನಡುವಿನ ಕಲಹ ಇದರ ವಸ್ತು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಮೆಚ್ಚುಗೆಯಾಗಲು ಕಾರಣವುಂಟು. ಇಲ್ಲಿನ ನೌಕೆ ಅರ್ಧದಾರಿಯವರೆಗೆ ವೇಗವನ್ನು ಹೆಚ್ಚಿಸುತ್ತ ಹೋಗಿ, ನಡುವೆ ಹಿಂದುಮುಂದಾಗಿ ತಿರುಗಿ, ಉಳಿದರ್ಧದಲ್ಲಿ ಅದೇ ಎಂಜಿನ್ನಿನಿಂದ ವೇಗವನ್ನು ತಗ್ಗಿಸುತ್ತದೆ. ನ್ಯೂಟನ್ನನ ನಿಯಮಗಳನ್ನು ಓದಿದವರಿಗೆ ಇದರ ಸೊಗಸು ತಿಳಿಯುತ್ತದೆ.

2018ರ ಮೇ 11ರಂದು, ಮೂರನೆಯ ಭಾಗ ಇನ್ನೂ ಪ್ರಸಾರವಾಗುತ್ತಿರುವಾಗಲೇ, ಧಾರಾವಾಹಿ ರದ್ದಾಯಿತೆಂಬ ಸುದ್ದಿ ಬಂದಿತು. ಆ ವಾಹಿನಿಗೆ ಇದ್ದುದು ಅಮೆರಿಕದಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ. ಬೇರೆ ದೇಶಗಳವರು ಬೇರೆ ಸೇವೆಗಳಲ್ಲಿ ನೋಡಿ ಮೆಚ್ಚಿದರೂ ಅದರಿಂದ ವಾಹಿನಿಯ ಗಂಟಿಗೆ ಏನೂ ಸೇರುತ್ತಿರಲಿಲ್ಲ. ಅಭಿಮಾನಿಗಳು ಕೂಡಲೇ ಎದ್ದರು. ಮನವಿಪತ್ರಕ್ಕೆ ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದುವು. ಹಣ ಕೂಡಿಸಿ, ವಿಮಾನವೊಂದಕ್ಕೆ ಪತಾಕೆ ಕಟ್ಟಿಸಿ, ಅಮೆಜಾನ್ ಸ್ಟುಡಿಯೊ ಕಚೇರಿಯ ಮೇಲೆ ಹಾರಿಸಿದರು. ಹದಿನಾಲ್ಕು ದಿನ ಕಳೆಯುವುದರೊಳಗೆ, ಮೇ 25ರಂದು, ಲಾಸ್ ಏಂಜಲೀಸಿನಲ್ಲಿ ನಡೆದ ಅಂತರಿಕ್ಷ ಸಮ್ಮೇಳನವೊಂದರಲ್ಲಿ, ಆಗ ಅಮೆಜಾನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಧಾರಾವಾಹಿ ಉಳಿಯಿತೆಂದು ಪ್ರಕಟಿಸಿದರು. ಅದರ ನಟರು ಆ ಸಭೆಯಲ್ಲಿಯೇ ಇದ್ದರು. ಅನಂತರ ಇನ್ನೂ ಮೂರು ಭಾಗಗಳು ಬಂದು, 2022ರ ಜನವರಿಯಲ್ಲಿ ಕಥೆ ಒಟ್ಟು 62 ಕಂತುಗಳಿಗೆ ಮುಗಿಯಿತು.

ಈ ಜಯಕ್ಕೆ ಪ್ರೀತಿಯೊಂದೇ ಕಾರಣವೆಂದು ತಿಳಿಯಬಾರದು. ನಿರ್ಮಾಪಕರ ಕೈಯಲ್ಲಿ ಹಕ್ಕುಗಳು ಉಳಿದಿದ್ದುವು. ಅವರು ತಾವೇ ಹೊಸ ಆಶ್ರಯವನ್ನು ಹುಡುಕುತ್ತಿದ್ದರು. ಮೂಲ ಕಾದಂಬರಿಗಳಿದ್ದುದರಿಂದ ಮುಂದಿನ ಕಥೆ ಸಿದ್ಧವಾಗಿತ್ತು. ಕಲಾವಿದರು ಇನ್ನೂ ಚದರಿರಲಿಲ್ಲ. ಅಭಿಮಾನಿಗಳ ಕೂಗು ತಡಮಾಡದೆ, ತಕ್ಕವರ ಕಿವಿಗೆ ಬಿದ್ದಿತು.

ಇನ್ನೊಂದು ನಿದರ್ಶನ ‘ಮ್ಯಾನಿಫೆಸ್ಟ್’. ಎನ್.ಬಿ.ಸಿ. ವಾಹಿನಿ 2021ರ ಜೂನಿನಲ್ಲಿ ಇದನ್ನು ನಿಲ್ಲಿಸಿತು. ಅದೇ ತಿಂಗಳು ಇದರ ಹಳೆಯ ಕಂತುಗಳು ನೆಟ್‌ಫ್ಲಿಕ್ಸ್ ಸೇವೆಯಲ್ಲಿ ಕಾಣಿಸಿಕೊಂಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದುವು. ಆಗಸ್ಟ್ 28ರಂದು ಆ ಸೇವೆ ಇಪ್ಪತ್ತು ಕಂತುಗಳ ಕೊನೆಯ ಭಾಗವನ್ನು ಘೋಷಿಸಿತು. ಕಥೆಯಲ್ಲಿ ಬರುವ ವಿಮಾನದ ಸಂಖ್ಯೆ 828. ಎಂಟನೆಯ ತಿಂಗಳ ಇಪ್ಪತ್ತೆಂಟನೆಯ ದಿನವನ್ನೇ ಆರಿಸಿದುದು ಅಭಿಮಾನಿಗಳಿಗೆ ಸಂತೋಷವನ್ನುಂಟುಮಾಡಿತು. ಇಲ್ಲಿ ಸಹಿಗಳಿಗಿಂತ ನೋಡಿದವರ ಸಂಖ್ಯೆಯೇ ಗಟ್ಟಿಯಾಗಿ ಮಾತಾಡಿತು.

ಕಾಯುವವನೇ ಕಡಿದಾಗ

ಸ್ಟ್ರೀಮಿಂಗ್ ಸೇವೆಯೆಂದರೆ ಕಲ್ಪವೃಕ್ಷವೆಂದು ಭಾವಿಸುವುದು ಸರಿಯಲ್ಲ. ಅಲ್ಲಿಯೂ ವೆಚ್ಚ ಮತ್ತು ಲಾಭಗಳ ಲೆಕ್ಕವಿದೆ. ಅವೂ ಧಾರಾವಾಹಿಗಳನ್ನು ನಿಲ್ಲಿಸುತ್ತವೆ. ನಮ್ಮ ಮುಂಬಯಿಗೆ ಸಂಬಂಧಪಟ್ಟ ಒಂದು ಉದಾಹರಣೆಯನ್ನೇ ನೋಡೋಣ. ‘ಸೆನ್ಸ್‌8’ ಎಂಬುದು ಜಗತ್ತಿನ ಎಂಟು ಮಂದಿ ಅಪರಿಚಿತರ ಮನಸ್ಸುಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಥೆ. ಅವರಲ್ಲಿ ಕಲಾ ಎಂಬಾಕೆ ಮುಂಬಯಿಯವಳು. ಆ ಭಾಗಗಳ ಚಿತ್ರೀಕರಣವೂ ನಮ್ಮ ನಗರದಲ್ಲಿಯೇ ನಡೆಯಿತು. ಇಷ್ಟು ದೇಶಗಳಲ್ಲಿ ಚಿತ್ರಿಸುವುದಕ್ಕೆ ಬಿದ್ದ ವೆಚ್ಚಕ್ಕೆ ತಕ್ಕಷ್ಟು ಪ್ರೇಕ್ಷಕರು ದೊರೆಯಲಿಲ್ಲವೆಂದು 2017ರ ಜೂನ್ 1ರಂದು ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸಿತು. ಅಭಿಮಾನಿಗಳ ಮೊರೆ ಎಷ್ಟು ಬಲವಾಯಿತೆಂದರೆ, ಅದೇ ತಿಂಗಳ ಕೊನೆಯಲ್ಲಿ ಒಂದು ಸಮಾರೋಪದ ಕಂತನ್ನು ಕೊಡಲು ಒಪ್ಪಬೇಕಾಯಿತು. ಅದು 2018ರ ಜೂನ್ 8ರಂದು ಹೊರಬಂದಿತು. ಹೊಸ ವರ್ಷಗಳು ದೊರೆಯದಿದ್ದರೂ “ಆಮೇಲೆ?” ಎಂಬ ಪ್ರಶ್ನೆಗೆ ಉತ್ತರ ದೊರೆಯಿತು.

ಎಲ್ಲರಿಗೂ ಅಷ್ಟು ಭಾಗ್ಯವಿಲ್ಲ. ಐದು ಭಾಗಗಳ ಕಥೆಯೆಂದು ಕರ್ತೃಗಳು ಯೋಜಿಸಿದ್ದ ‘ದಿ ಓಎ’ ಧಾರಾವಾಹಿಯನ್ನು ಅದೇ ಸೇವೆ 2019ರಲ್ಲಿ ಎರಡೇ ಭಾಗಗಳಿಗೆ ನಿಲ್ಲಿಸಿತು. ಅಭಿಮಾನಿಗಳು ನ್ಯೂಯಾರ್ಕ್ ನಗರದ ಟೈಮ್ಸ್ ಚೌಕದಲ್ಲಿ ಹಣಕೊಟ್ಟು ಫಲಕವನ್ನು ಹಾಕಿಸಿದರೂ ತೀರ್ಮಾನ ಬದಲಾಗಲಿಲ್ಲ. ವಾಹಿನಿಯೊಂದು ಕೈಬಿಟ್ಟ ಕಥೆಯನ್ನು ಸ್ಟ್ರೀಮಿಂಗ್ ಸೇವೆ ಎತ್ತಿಕೊಳ್ಳಬಹುದು. ಸೇವೆಯೇ ತಾನು ಹೊರತಂದ ಕಥೆಯನ್ನು ಕೈಬಿಟ್ಟರೆ, ಅದರ ಹಳೆಯ ಕಂತುಗಳೆಲ್ಲ ತನ್ನ ಪೈಪೋಟಿಗಾರನ ಮನೆಯಲ್ಲಿರುವಾಗ, ಮತ್ತೊಬ್ಬರು ಮುಂದಿನದಕ್ಕೆ ಹಣ ಹೂಡಲು ಹಿಂಜರಿಯುವುದು ಸಹಜ.

ನಾವು ಗ್ರಹಿಸಬೇಕಾದುದು

ಈ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಭಿಮಾನಿಯ ಆಸೆ ಹುಚ್ಚಲ್ಲ. ಆದರೆ ಅದು ಎಣಿಕೆಗೆ ಸಿಕ್ಕುವಂತೆ, ಸಕಾಲದಲ್ಲಿ ಪ್ರಕಟವಾದರೆ ಮಾತ್ರ ಅದಕ್ಕೆ ಬಲ. ಕಥೆ ಬದುಕಿರುವಾಗ ನೋಡದೆ, ಸತ್ತಮೇಲೆ ಸಹಿ ಹಾಕುವವರು ಬಹಳ ಮಂದಿ. ಕಳ್ಳ ಪ್ರತಿಯಲ್ಲಿ ನೋಡಿದವನ ಮೆಚ್ಚುಗೆ ಎಷ್ಟೇ ದೊಡ್ಡದಿರಲಿ, ಅದು ಯಾರ ಲೆಕ್ಕದಲ್ಲಿಯೂ ಜಮೆಯಾಗುವುದಿಲ್ಲ. ಮೆಚ್ಚಿದ ಕಥೆಯನ್ನು ಅದು ನಡೆಯುತ್ತಿರುವಾಗಲೇ ಸರಿಯಾದ ಮಾರ್ಗದಿಂದ ನೋಡುವುದು, ನಾಲ್ವರಿಗೆ ಹೇಳುವುದು, ನಿಂತಾಗ ಸಭ್ಯವಾದ ಮಾತಿನಲ್ಲಿ ಕಾಗದ ಬರೆಯುವುದು – ಇವೇ ಅಭಿಮಾನಿಯ ಕೈಯಲ್ಲಿರುವ ಉಪಕರಣಗಳು. ನಟರನ್ನೂ ನಿರ್ಮಾಪಕರನ್ನೂ ಬೈದು ಬರೆದವರಿಂದ ಕಥೆಗೆ ಉಪಕಾರವಾಗುವುದಿಲ್ಲ. ಅವರೂ ಆ ದಿನ ಕೆಲಸ ಕಳೆದುಕೊಂಡವರೇ.

ಇಷ್ಟೆಲ್ಲ ಮಾಡಿಯೂ ಕಥೆ ಏಳದಿದ್ದರೆ? ಉಳಿಸಿಕೊಂಡ ‘ದಿ ಎಕ್ಸ್‌ಪ್ಯಾನ್ಸ್’ ಸಹ ಒಂಬತ್ತು ಕಾದಂಬರಿಗಳ ಕಥೆಯನ್ನು ಪೂರ್ತಿಯಾಗಿ ಹೇಳಲಿಲ್ಲ. ಆರನೆಯದರ ಸುಮಾರಿಗೆ ನಿಂತಿತು. ಮುಂದಿನದನ್ನು ತಿಳಿಯಬೇಕೆಂಬವರಿಗೆ ಉಳಿದ ಮೂರು ಪುಸ್ತಕಗಳಿವೆ. ಓದುವುದಕ್ಕೆ ಯಾವ ಸಂಸ್ಥೆಯ ಅಪ್ಪಣೆಯೂ ಬೇಕಾಗಿಲ್ಲ. ಪುಸ್ತಕವೂ ಇಲ್ಲದ ಕಥೆಯಾದರೆ, ನಿಂತ ಕಡೆಯಿಂದ ಮುಂದಕ್ಕೆ ಏನಾಯಿತೆಂದು ನಾವೇ ಕಲ್ಪಿಸಿ, ನಮ್ಮ ಕನ್ನಡದಲ್ಲಿ ಎರಡು ಪುಟ ಬರೆದು ನೋಡಬಹುದು. ಬರೆಯಲು ಕುಳಿತಾಗ, ಒಂದು ಕಥೆಯನ್ನು ಮುಗಿಸುವುದು ಎಷ್ಟು ಕಷ್ಟವೆಂಬುದೂ, ಅದನ್ನು ನಮಗಾಗಿ ಕಟ್ಟಿದವರ ಶ್ರಮ ಎಷ್ಟು ದೊಡ್ಡದೆಂಬುದೂ ಮನಸ್ಸಿಗೆ ತಟ್ಟುತ್ತದೆ. ಮುಂದಿನ ಸಂಚಿಕೆಯ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಂತಹ ಎರಡು ಪುಟಗಳನ್ನು ಬರೆದು ತಂದರೆ ನಮಗೆ ಬಹಳ ಸಂತೋಷವಾದೀತು.